ನೆಟ್ ಇತ್ತು, ತಾರೀಖು ಇರಲಿಲ್ಲ

ಮೊನ್ನೆ ಮೃಗಶಿರೆ ಮಳೆ ಗುಡುಗು ಸಿಡಿಲು ಕಟ್ಟಿಕೊಂಡು ನಾಲ್ಕು ದಿನ ಹೊಯ್ತಲ್ಲ, ಆವಾಗ ನಾನು ಕಂಪ್ಯೂಟರ್ ಪ್ಲಗ್ಗು, ರೂಟರ್ ಪ್ಲಗ್ಗು ಎರಡನ್ನೂ ಕಿತ್ತಿಟ್ಟಿದ್ದೆ. ಐದನೇ ದಿನ ಹಾಕಿದರೆ ಎಲ್ಲಾ ಚಾಲೂ ಆಯ್ತು, ನೆಟ್ ಮಾತ್ರ ಇಲ್ಲ. ಯಾವ ಪೇಜೂ ತೆರೆಯುದಿಲ್ಲ. ಪ್ರತಿ ಸಲ ಇಂಗ್ಲಿಷಿನಲ್ಲಿ ಎಂತದೋ ನಾಲ್ಕು ಸಾಲು ಬರ್ತಿತ್ತು. ನಾನು ಓದದೇ ಮುಚ್ಚುತ್ತಿದ್ದೆ.

ಸುಮ್ಮನೆ ಆಗಿದ್ರೆ ಬಿಡ್ತಿದ್ದೆ. ಅಡಿಕೆ, ಕಾಳುಮೆಣಸಿನ ವಿಮೆ ಕಂತು ತುಂಬಲಿಕ್ಕೆ ಎರಡೇ ದಿನ ಉಳಿದಿತ್ತು. ತುಂಬುವ ಮೊದಲು ಪಹಣಿಯಲ್ಲಿ ಬೆಳೆ ಸರಿ ನಮೂದಾಗಿದೆಯಾ ನೋಡಬೇಕಿತ್ತು. ಬೆಳೆ ತಾಳೆ ಆಗದಿದ್ರೆ ಕಂತು ಕಟ್ಟಿಯೂ ಪರಿಹಾರಕ್ಕೆ ತೊಂದರೆ ಅಂತ ನಿಮಗೂ ಗೊತ್ತು. ನನ್ನ ಹತ್ರ ಇರುವುದು ಬಟನ್ ಫೋನು. ಅದಕ್ಕೂ ಸಿಗ್ನಲ್ ಬೇಕಂದ್ರೆ ಹಿಂದಿನ ಗುಡ್ಡ ಹತ್ತಬೇಕು.

ಸಿಡಿಲಿಗೆ ಲೈನ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ, ಗುಡ್ಡ ಹತ್ತಿ ಲೈನಿನ ಹುಡುಗನಿಗೆ ಫೋನ್ ಮಾಡಿದೆ. ಪಾಪ, ಆ ಮಳೆಯಲ್ಲಿ ಬೈಕು ಹಳ್ಳದ ಆಚೆ ಬಿಟ್ಟು ನಡೆದು ಬಂದ. ರೂಟರ್ ನೋಡಿದ. "ಅಣ್ಣಾ, ಎಲ್‌ಓಎಸ್ ಕೆಂಪು ದೀಪ ಇಲ್ಲ, ಪಾನ್ ದೀಪ ಗಟ್ಟಿ ನಿಂತಿದೆ. ಲೈನ್ ಸರಿ ಇದೆ" ಅಂದ. ತನ್ನ ಮೊಬೈಲಿಗೆ ನಮ್ಮನೆ ವೈಫೈ ಹಾಕಿ ಪೇಜ್ ತೆರೆದೂ ತೋರಿಸಿದ. "ದೋಷ ಕಂಪ್ಯೂಟರಿನಲ್ಲಿದೆ, ನೋಡಿಸಿ" ಅಂದ. ನನಗೆ ಸಿಟ್ಟು ಬಂತು. "ನಿಮ್ದು ಯಾವಾಗ್ಲೂ ಇದೇ ಮಾತು. ತಿಂಗಳು ತಿಂಗಳು ದುಡ್ಡು ತಕಂಬುದು, ಕೆಲ್ಸ ಅಂದ್ರೆ ಕೈ ತೊಳ್ಕಂಬುದು" ಅಂತ ಅಂದುಬಿಟ್ಟೆ. ಹುಡುಗ ಎದುರು ಮಾತಾಡಲಿಲ್ಲ. ಚಾ ಕುಡಿಯದೇ ಹೋದ.

ಸಂಜೆ ಮತ್ತೆ ಗುಡ್ಡ ಹತ್ತಿ ಕಾರವಾರದಲ್ಲಿ ಓದುವ ಮಗಳಿಗೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಅಪ್ಪಾ, ಪರದೆ ಮೇಲೆ ಎಂತ ಬರೆದು ಬರ್ತದೆ?" ಓದಲಿಲ್ಲ ಅಂದೆ. "ಓದಿ, ಚೀಟಿಯಲ್ಲಿ ಬರ್ಕಂಡು ಬಾ" ಅಂದಳು.

ಇಳಿದು ಬಂದು ಓದಿದೆ. "ಯುವರ್ ಕ್ಲಾಕ್ ಈಸ್ ಬಿಹೈಂಡ್." ನಿಮ್ಮ ಗಡಿಯಾರ ಹಿಂದೆ ಇದೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇಷ್ಟು ಇಂಗ್ಲಿಷ್ ಬರುದಿಲ್ವಾ? ಬರ್ತದೆ, ಓದುವ ಮನಸ್ಸಿರಲಿಲ್ಲ. ಮೂಲೆಯಲ್ಲಿ ತಾರೀಖು ನೋಡಿದರೆ 2012ನೇ ಇಸವಿಯ ಜನವರಿ 1!

ಆದದ್ದು ಇಷ್ಟೇ. ಕಂಪ್ಯೂಟರ್ ಹೊಟ್ಟೆಯೊಳಗೆ ನಾಣ್ಯದ ಹಾಗಿರುವ ಒಂದು ಸೆಲ್ ಇರ್ತದೆ. ಪ್ಲಗ್ಗು ಕಿತ್ತಾಗ ಗಡಿಯಾರ ನಡೆಸುದು ಅದೇ. ನಮ್ಮದು ಹಳೇ ಕಂಪ್ಯೂಟರ್, ಸೆಲ್ ಯಾವಾಗಲೋ ಸತ್ತಿತ್ತು. ಪ್ಲಗ್ಗು ಸದಾ ಇದ್ದದ್ದರಿಂದ ತಿಳಿದಿರಲಿಲ್ಲ. ನಾಲ್ಕು ದಿನ ಕಿತ್ತಿಟ್ಟಾಗ ಗಡಿಯಾರ ನಿಂತು ಹಳೇ ತಾರೀಖಿಗೆ ಹೋಯ್ತು. ಈಗಿನ ಹೆಚ್ಚಿನ ಪೇಜುಗಳು ತೆರೆಯುವ ಮೊದಲು ಒಂದು ಗುರುತಿನ ಚೀಟಿ ತೋರಿಸ್ತವೆ. ಅದರಲ್ಲಿ ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ ಅವಧಿ ಇರ್ತದೆ. ಇವತ್ತು 2012 ಅಂತ ನಂಬಿದವನ ಕೈಗೆ ಈ ವರ್ಷ ತಯಾರಾದ ಔಷಧಿ ಬಾಟ್ಲಿ ಕೊಟ್ಟರೆ ಎಂತ ಮಾಡ್ತಾನೆ? ಖೋಟಾ ಅಂತ ವಾಪಸ್ ಕೊಡ್ತಾನೆ. ಕಂಪ್ಯೂಟರ್ ಅದನ್ನೇ ಮಾಡಿತು.

ತಾರೀಖು, ಗಂಟೆ ಸರಿ ಮಾಡಿದೆ. ಪೇಜ್ ತೆರೆಯಿತು. ಪಹಣಿ ನೋಡಿದೆ, ಅಡಿಕೆ ಮೆಣಸು ಎರಡೂ ಇದ್ದವು. ಮರುದಿನ ಅಂಕೋಲಾ ಪೇಟೆಗೆ ಹೋಗಿ ಕಂತು ತುಂಬಿ, ಸೆಲ್ ತಂದು ಹಾಕಿದೆ. ಅದರ ನಂಬ್ರ ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗ್ತದೆ. ಹೊಸ ರೂಟರ್ ತರುವ ಅಂತಿದ್ದೆ, ಆ ದುಡ್ಡು ಉಳಿಯಿತು.

ತೋಟಕ್ಕೆ ನೀರು ಬರದಿದ್ರೆ ನಾವು ಪಂಪಿನಿಂದ ಶುರು ಮಾಡಿ ಒಂದೊಂದೇ ಜೋಡು ನೋಡ್ತಾ ಬರ್ತೇವೆ. ನೆಟ್ಟಿಗೂ ಅದೇ ಕ್ರಮ. ಎಲ್‌ಓಎಸ್ ಕೆಂಪಾಗಿದ್ರೆ ಹೊರಗಿನ ಲೈನಿನದೇ ತೊಂದರೆ, ಫೋನ್ ಮಾಡಿ. ಕೆಂಪಿಲ್ಲದಿದ್ರೆ ಅದೇ ವೈಫೈಯನ್ನು ಒಂದು ಮೊಬೈಲಿಗೆ ಹಾಕಿ ನೋಡಿ. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಬರದಿದ್ರೆ, ಎರಡರ ನಡುವಿನ ವಾಯರ್ ಕಿತ್ತು ಗಟ್ಟಿಯಾಗಿ ಹಾಕಿ, ತಾರೀಖು ನೋಡಿ, ಪರದೆ ಮೇಲಿನ ಸಾಲು ಓದಿ. ಸಿಡಿಲಿದ್ದಾಗ ಪ್ಲಗ್ಗು ಕೀಳುದು ಬಿಡಬೇಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುದಿಲ್ಲ, ಆದ್ರೆ ಪ್ಲಗ್ಗಿನ ದಾರಿಯಲ್ಲಿ ಬರ್ತದೆ.

ಕೊನೆಗೆ ಗುಡ್ಡ ಹತ್ತಿ ಆ ಹುಡುಗನಿಗೂ ಫೋನ್ ಮಾಡಿದೆ. "ತಪ್ಪು ನಂದು ತಮ್ಮಾ, ನೀ ಹೇಳಿದ್ದೇ ಸರಿ" ಅಂದೆ. "ಇರ್ಲಿ ಅಣ್ಣಾ, ಎಂತ ಆಗಿತ್ತು?" ಅಂತ ಕೇಳಿದ. ಹೇಳಿದೆ, ನಕ್ಕ. ಮುಂದಿನ ಸಲ ಬಂದಾಗ ಚಾ ಕುಡಿದೇ ಹೋಗಬೇಕು ಅಂದಿದ್ದೇನೆ.