ಟವರ್ ಬುಡದಲ್ಲಿ ಒಂದು ಸಹಿ

ಹೋದ ಯುಗಾದಿಗೆ ಊರಿಗೆ ಹೋದಾಗ ಇನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಅರಳಿಕಟ್ಟೆಯಿಂದ ಕೂಗು ಬಂತು. "ಇಂಜಿನಿಯರ್ ಬಂದ ಕಣ್ರಪ್ಪಾ, ಇವನ ಕೈಲೂ ಒಂದು ಸೈನ್ ಹಾಕ್ಸಿ."

ನಮ್ಮೂರು ಮಾಗಡಿ ತಾಲೂಕು, ಸಾವನದುರ್ಗದ ಬಂಡೆಯ ಮರೆಯಲ್ಲಿದೆ. ಚಿಕ್ಕಪ್ಪನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತಿರುವ ಮೊಬೈಲ್ ಟವರ್ ತೆಗೆಸಬೇಕು ಅಂತ ಅರ್ಜಿ ತಯಾರಾಗಿತ್ತು. ಬಾಡಿಗೆ ಬರೋದು ಚಿಕ್ಕಪ್ಪನಿಗೆ. ಹಾಗಾಗಿ ನಾನು ಬಾಯಿ ಬಿಡೋಕೆ ಮೊದಲೇ ನನ್ನ ಮಾತಿನ ಬೆಲೆ ಅರ್ಧಕ್ಕೆ ಇಳಿದಿತ್ತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಬಿಇ. ಆಂಟೆನಾ ಪೇಪರ್ ಒಂದು ಸಲ ಬ್ಯಾಕ್ ಆಗಿತ್ತು ಅನ್ನೋದು ಊರಿಗೆ ಗೊತ್ತಿಲ್ಲ, ಪುಣ್ಯ.

ಟವರ್ ಬಂದಮೇಲೆ ರೇಷ್ಮೆ ಹುಳ ಸರಿಯಾಗಿ ಹಣ್ಣಾಗ್ತಿಲ್ಲ, ರಾಮನಗರದ ಮಾರ್ಕೆಟ್ಟಲ್ಲಿ ಗೂಡಿಗೆ ರೇಟ್ ಸಿಗ್ತಿಲ್ಲ ಅಂತ ಅರ್ಜಿಯಲ್ಲಿತ್ತು. ಹೋದ ಬೆಳೆ ಕೆಟ್ಟಿದ್ದು ಹಾಲುತೊಂಡೆ ರೋಗದಿಂದ, ಅದು ವೈರಸ್ಸು. ಆಗ ಟವರ್‌ಗೆ ಕರೆಂಟೇ ಕೊಟ್ಟಿರಲಿಲ್ಲ. ಇದನ್ನ ಹೇಳಿದೆ. ಒಬ್ಬಿಬ್ಬರು ನಕ್ಕರು. 2017ರಲ್ಲಿ ಗ್ವಾಲಿಯರ್‌ನಲ್ಲಿ ಕ್ಯಾನ್ಸರ್ ಬಂದವನೊಬ್ಬ ಹಾಕಿದ ಅರ್ಜಿ ಮೇಲೆ ಸುಪ್ರೀಂ ಕೋರ್ಟು ಟವರ್ ಬಂದ್ ಮಾಡಿಸಿದ್ದು ಇನ್ನೊಬ್ಬರ ವಾಟ್ಸಾಪಲ್ಲಿತ್ತು. ಅದು ನಿಜವೇ.

ಆದರೆ ಅರ್ಜಿ ಬರೆದಿದ್ದು ಎದುರುಮನೆ ಅತ್ತೆಯ ಮಗ, ಒಂದನೇ ಕ್ಲಾಸಿಂದ ನನ್ನ ಪಕ್ಕ ಕೂತವನು. ಅತ್ತೆಗೆ ಎದೆಯಲ್ಲಿ ಗಂಟು. ಮೂರು ವಾರಕ್ಕೊಮ್ಮೆ ಕಿದ್ವಾಯಿಗೆ ಕೀಮೋಗೆ ಕರ್ಕೊಂಡು ಹೋಗ್ತಾನೆ. ಟವರ್ ಶುರುವಾಗಿ ಎಂಟು ತಿಂಗಳಿಗೆ ಗೊತ್ತಾಗಿದ್ದು.

"ನೀನ್ ಓದಿರೋನು, ನೀನೇ ಹೇಳು ಮಗಾ. ನಮ್ಮವ್ವ ಒಂದು ದಿನ ಬೀಡಿ ಮುಟ್ಟಿಲ್ಲ. ಹೊಲದ ಸೊಪ್ಪು, ಮನೆ ರಾಗಿ ತಿಂದೋಳು. ಮತ್ತೆ ಯಾಕ್ಲಾ ಬಂತು?"

ಗಡ್ಡೆ ಅಷ್ಟು ಬೆಳೆಯೋಕೆ ಎಂಟು ತಿಂಗಳು ಸಾಲದು, ವರ್ಷಗಳೇ ಬೇಕು. ನಾಲಿಗೆ ತುದಿವರೆಗೆ ಬಂತು, ನುಂಗಿದೆ. "ನಾಳೆ ಹೇಳ್ತೀನಿ" ಅಂದು ಎದ್ದೆ.

ರಾತ್ರಿ ತಾರಸಿ ಮೇಲೆ ಕೂತು ಓದಿದೆ, ಅದೇ ಟವರ್‌ನ ಸಿಗ್ನಲ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 2011ರ ಮೇ ತಿಂಗಳಲ್ಲಿ ಮೊಬೈಲ್ ತರಂಗಗಳನ್ನ '2ಬಿ' ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆಯನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ, ಸಾಕ್ಷಿ ಮಾತ್ರ ತೆಳು ಅಂತ ಅರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಲ್ಲಿದೆ. ಖಚಿತವಾಗಿ ಕ್ಯಾನ್ಸರ್ ತರುತ್ತೆ ಅನ್ನುವ ಒಂದನೇ ಗುಂಪಲ್ಲಿ ಏನಿದೆ ನೋಡಿದೆ: ಹೊಗೆಸೊಪ್ಪು. ಜೊತೆಗೆ ಬರೀ ಅಡಿಕೆಯೂ! ಸಂಜೆ ಕಟ್ಟೆ ಮೇಲೆ ಅರ್ಜಿ ಜೊತೆ ಕೈಯಿಂದ ಕೈಗೆ ಹೋಗ್ತಿದ್ದ ಎಲೆಅಡಿಕೆ ಚೀಲ ನೆನಪಾಯ್ತು.

2010ರ ಇಂಟರ್‌ಫೋನ್ ಅಧ್ಯಯನ 13 ದೇಶಗಳದ್ದು. ಒಟ್ಟಾರೆ ಅಪಾಯ ಕಾಣಲಿಲ್ಲ. ಆದರೆ ಒಟ್ಟು 1640 ಗಂಟೆಗಿಂತ ಹೆಚ್ಚು ಮಾತಾಡಿದವರಲ್ಲಿ ಮೆದುಳಿನ ಗಡ್ಡೆ 40 ಪರ್ಸೆಂಟ್ ಜಾಸ್ತಿ ಕಂಡಿತು. ಸಂಶೋಧಕರೇ ಇದನ್ನ ಪೂರ್ತಿ ನಂಬಲಿಲ್ಲ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಮಾತಾಡ್ತಿದ್ವಿ ಅಂತ ಬರೆಸಿದವರೂ ಅದರಲ್ಲಿದ್ದರು. ಆದರೂ ಲೆಕ್ಕ ಹಾಕಿದೆ. ಹತ್ತು ವರ್ಷಕ್ಕೆ ಹರಡಿದರೆ ದಿನಕ್ಕೆ 27 ನಿಮಿಷ. ನನ್ನ ಆಫೀಸ್ ಕಾಲ್‌ಗಳೇ ದಿನಕ್ಕೆ ಎರಡು ಗಂಟೆ. ಅಲ್ಲಿಗೆ ಎರಡೂಕಾಲು ವರ್ಷಕ್ಕೆ ನನ್ನ ಕೋಟಾ ಮುಗೀತು. ನಿಮ್ಮದೂ ಇಷ್ಟೇ ಇರಬಹುದು, ನೋಡ್ಕೊಳ್ಳಿ.

ಅಮೆರಿಕದಲ್ಲಿ ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ ಇಲಿಗಳ ಇಡೀ ಮೈಗೆ ಈ ತರಂಗ ಬಿಟ್ಟು ನೋಡಿದರು. 2018ರಲ್ಲಿ ವರದಿ ಬಂತು. ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡಿತ್ತು. ವಿಚಿತ್ರ ಅಂದ್ರೆ ಆ ಇಲಿಗಳೇ ಉಳಿದವಕ್ಕಿಂತ ಹೆಚ್ಚು ಕಾಲ ಬದುಕಿದವು. ಹಾಗಂತ ಆಯುಷ್ಯ ಜಾಸ್ತಿ ಆಗುತ್ತೆ, ನಮ್ಮೂರಿಗೂ ಟವರ್ ಹಾಕ್ಸಿ ಅಂತ ಯಾರೂ ಅರ್ಜಿ ಬರೆದಿಲ್ಲ. ಕೊನೆಗೆ 2024ರಲ್ಲಿ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆ 63 ಅಧ್ಯಯನ ಸೇರಿಸಿ ನೋಡಿತು. ಹತ್ತು ವರ್ಷಕ್ಕಿಂತ ಹೆಚ್ಚು ಮೊಬೈಲ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ.

ನನಗೆ ತಟ್ಟಿದ್ದು ಬೇರೆಯದು, ಬ್ಯಾಕ್ ಆದ ಆ ಪೇಪರಿನದ್ದೇ. ಆಂಟೆನಾ ಶಕ್ತಿ ಬಿಡೋದು ಅಡ್ಡಡ್ಡ, ದೂರಕ್ಕೆ; ಬುಡದಲ್ಲಿ ಕಮ್ಮಿ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ದೂರ ಎರಡು ಪಟ್ಟಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಟವರ್ ಇರೋದು ಇನ್ನೂರು ಮೀಟರ್ ಆಚೆ, ಫೋನ್ ಕಿವಿಗೇ ಅಂಟಿರುತ್ತೆ. ಸಿಗ್ನಲ್ ಕಮ್ಮಿ ಇದ್ದಾಗ ಅದೇ ಫೋನು ಟವರ್ ಮುಟ್ಟೋಕೆ ನೂರಾರು ಪಟ್ಟು ಹೆಚ್ಚು ಜೋರಾಗಿ ಕೂಗುತ್ತೆ. ಟವರ್ ಬರೋಕೆ ಮುಂಚೆ ನಮ್ಮವ್ವ ಒಂದು ಕಡ್ಡಿ ಸಿಗ್ನಲ್‌ಗಾಗಿ ಹಿತ್ತಲಲ್ಲಿ ನಿಂತು, ಬಿಸಿಯಾದ ಫೋನನ್ನ ಕೆನ್ನೆಗೆ ಒತ್ಕೊಂಡು ದಿನಾ ಅರ್ಧ ಗಂಟೆ ನನ್ನ ಜೊತೆ ಮಾತಾಡ್ತಿದ್ಲು. ಟವರ್ ಕಿತ್ತರೆ ಊರಿನವರ ಕಿವಿಗೆ ಬೀಳೋ ಪಾಲು ಹೆಚ್ಚಾಗುತ್ತೆಯೇ ಹೊರತು ಕಮ್ಮಿಯಾಗಲ್ಲ.

ಬೆಳಗ್ಗೆ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಅಂತಲೂ ಹೇಳಿದೆ. ಫೋನಲ್ಲಿ ಸ್ಟಾರ್ ಹ್ಯಾಶ್ 07 ಹ್ಯಾಶ್ ಒತ್ತಿ, ಅವನ ಫೋನಿನ ಎಸ್‌ಎಆರ್ ಎಷ್ಟು, 1.6ರ ಮಿತಿಗೆ ಎಷ್ಟು ಕಮ್ಮಿ ಅಂತ ತೋರಿಸಿದೆ. ಅವನು ಸ್ಕ್ರೀನ್ ನೋಡಲಿಲ್ಲ.

"ಹಂಗಾದ್ರೆ ಅವ್ವಂದು ಯಾವುದ್ರಿಂದ?"

"ಗೊತ್ತಿಲ್ಲ ಕಣೋ. ಬಹಳ ಜನಕ್ಕೆ ಯಾವುದ್ರಿಂದ ಅಂತ ಡಾಕ್ಟರಿಗೂ ಗೊತ್ತಾಗಲ್ಲ."

"ಟವರ್ ಅಂದ್ಕೊಂಡ್ರೆ ಕಿತ್ತಾಕ್ಬೋದಿತ್ತು" ಅಂದ.

ನಾನು ಸಹಿ ಹಾಕಲಿಲ್ಲ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಹಣ ಕಟ್ಟಿದರೆ ಅಧಿಕಾರಿಗಳೇ ಊರಿಗೆ ಬಂದು ವಿಕಿರಣ ಅಳೀತಾರೆ. ನಾಲ್ಕು ಸಾವಿರ ನಾನು ಕಟ್ತೀನಿ, ಅಳೆಯುವಾಗ ನೀನೇ ಪಕ್ಕದಲ್ಲಿ ನಿಂತು ನೋಡು ಅಂದೆ. ಅವನು ಅರ್ಜಿಯನ್ನ ಮಡಚಿ ಜೇಬಲ್ಲಿಟ್ಕೊಂಡ. ಹರಿದು ಹಾಕಲಿಲ್ಲ. "ಆವತ್ತು ನೀನೂ ಇರಬೇಕು" ಅಂದ.

ಅವ್ವನಿಗೆ ವೈರಿನ ಇಯರ್‌ಫೋನ್ ತಂದುಕೊಟ್ಟಿದ್ದೆ. ಕಿವಿ ಕಡಿಯುತ್ತೆ ಅಂತ ಎತ್ತಿಟ್ಟಿದ್ದಾಳೆ. ಈಗ ಜಗಲಿ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿ ಮಾತಾಡ್ತಾಳೆ. ನನ್ನ ಸಂಬಳ, ಹೆಣ್ಣು ನೋಡೋ ಸಮಾಚಾರ ಎಲ್ಲಾ ಬೀದಿಗೆ ಗೊತ್ತು. ಮೊನ್ನೆ ಮಾತಿನ ಮಧ್ಯೆ ಎದುರುಮನೆಯಿಂದ ಅತ್ತೆಯ ಸಣ್ಣ ದನಿ ಕೇಳಿಸ್ತು.

"ಉಂಡ್ಯೇನಪ್ಪಾ?"