ಶಾಂತಿ ಯಾಕೆ ನಿಂತಳು?



ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗಾನವೃಂದದ ಹುಡುಗಿಯರು ನನ್ನನ್ನು ಸುತ್ತುವರಿದು, "ಅಕ್ಕಾ, ನಿಮ್ಮ ಕುದುರೆ ಈಗಲಾದರೂ ಮಾತು ಕೇಳುತ್ತಾ?" ಎಂದು ನಕ್ಕರು. ಅಂಗಳದಲ್ಲಿ ನಿಂತು ಹೇಳಿ ಮುಗಿಸುವ ಕಥೆ ಅದಲ್ಲ. ಇಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮೊದಲಿಗೆ, ಅದು ಕುದುರೆಯಲ್ಲ, ಪೋನಿ. ಹೆಗಲ ಬಳಿ ಸುಮಾರು 148 ಸೆಂ.ಮೀ. ಒಳಗಿದ್ದರೆ ಪೋನಿ ಅನ್ನುತ್ತಾರೆ. ನಮ್ಮದು 132. ಹೆಸರು ಶಾಂತಿ. ಹೆಸರಿಟ್ಟವರು ಯಾರೋ, ಅವಳ ಸ್ವಭಾವ ನೋಡಿ ಇಟ್ಟದ್ದಂತೂ ಅಲ್ಲ. ನನ್ನ ಮಾವ ಊಟಿ ಕೆರೆಯ ಹತ್ತಿರ ಪ್ರವಾಸಿಗರನ್ನು ಪೋನಿ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿ ಬದುಕು ಮಾಡುವವರು. ಅವರ ಹತ್ತಿರ ಇರುವುದು ಎರಡೇ ಪೋನಿ. ಶಾಂತಿ ನಡೆಯುತ್ತಾ ನಡೆಯುತ್ತಾ ತಟ್ಟನೆ ನಿಂತುಬಿಡುತ್ತಿದ್ದಳು. ಒಮ್ಮೆ ಹಾಗೆ ನಿಂತಾಗ ಮೇಲೆ ಕೂತಿದ್ದವರೊಬ್ಬರು ಅವಳ ಕತ್ತಿನ ಮೇಲೆ ಜಾರಿದರು. ಪೆಟ್ಟಾಗಲಿಲ್ಲ, ಆದರೆ ಬೈಗುಳ ಬೇಕಾದಷ್ಟಾಯಿತು. ಆ ಸಂಜೆಯೇ ಮಾವ ಹೇಳಿದರು: "ಕೂಸೇ, ಇದನ್ನ ದಲ್ಲಾಳಿಗೆ ಕೊಟ್ಟುಬಿಡ್ತೀನಿ. ತಿನ್ನೋ ಹುರುಳಿ ದುಡ್ಡೂ ಹುಟ್ಟಲ್ಲ."

ಬಿಎಸ್ಸಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದ ಕಾಲ ಅದು. ಮೇ ತಿಂಗಳ ಸೀಸನ್ನಿನವರೆಗೆ ನನಗೆ ಬಿಡಿ ಮಾವ, ನಾನು ಕಲಿಸುತ್ತೇನೆ ಅಂದೆ. ಎಲ್ಲಿಂದ ಬಂತು ಆ ಧೈರ್ಯ? 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್ವಾಲ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದರು. ಕುದುರೆ ಸವಾರಿಯಲ್ಲಿ ನಮ್ಮ ದೇಶಕ್ಕೆ 41 ವರ್ಷದ ಮೇಲೆ ಬಂದ ಚಿನ್ನ. ಫೋನಿನಲ್ಲಿ ಅದನ್ನು ಎಷ್ಟು ಸಲ ನೋಡಿದೆನೋ. ಸವಾರರು ಏನೂ ಮಾಡದೆ ಸುಮ್ಮನೆ ಕೂತಂತೆ ಕಾಣುತ್ತದೆ, ಕುದುರೆ ತಾನಾಗಿಯೇ ಕುಣಿಯುತ್ತದೆ. ಡ್ರೆಸಾಜ್ ಅನ್ನುವುದು ಫ್ರೆಂಚ್ ಮಾತು, ಅರ್ಥ ಪಳಗಿಸುವುದು, ಅಷ್ಟೇ. ಅಷ್ಟೇ ತಾನೇ ಅಂದುಕೊಂಡೆ!

ಡ್ರೆಸಾಜ್ ಅಂಗಳ ಚಿಕ್ಕದೆಂದರೂ 40 ಮೀಟರ್ ಉದ್ದ, 20 ಮೀಟರ್ ಅಗಲ ಇರಬೇಕು. ನಮ್ಮ ಬೆಟ್ಟದಲ್ಲಿ ಅಷ್ಟು ಸಮತಟ್ಟು ನೆಲ ಎಲ್ಲಿದೆ? ಕ್ಯಾರೆಟ್ ಕಿತ್ತು ಖಾಲಿ ಬಿಟ್ಟಿದ್ದ ಹೊಲದಲ್ಲಿ ಗೂಟ ನೆಟ್ಟು, 10 ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ಒಂದು ದುಂಡು ಎಳೆದೆ. ಅದರ ಮೇಲೆ ಒಂದೇ ಹದದಲ್ಲಿ ನಡೆಸುವುದು ಮೊದಲ ಪಾಠ. ಶಾಂತಿ ಕಾಲು ಸುತ್ತು ಬಂದು ನಿಂತಳು. ಹಿಮ್ಮಡಿಯಲ್ಲಿ ಒದ್ದೆ. ಲಗಾಮು ಜಗ್ಗಿದೆ. ನಿಂತೇ ಇದ್ದಳು.

ಒಂದು ಶನಿವಾರ ಧರ್ಮೋಪದೇಶದ ತರಗತಿ ಮುಗಿಸಿದ ಮಕ್ಕಳು ನೋಡಲು ಬಂದರು. ಅವರ ಮುಂದೆ ಅವಮಾನವಾಯಿತು. ಬೇಲಿಯಿಂದ ಒಂದು ಕೋಲು ಮುರಿದು ಅವಳ ಹಿಂಭಾಗಕ್ಕೆ ಬಾರಿಸಿದೆ, ಒಂದಲ್ಲ, ನಾಲ್ಕೈದು. ಅರ್ಧ ಗಂಟೆ ಮೊದಲು ಅದೇ ಮಕ್ಕಳಿಗೆ ಸೃಷ್ಟಿಯ ಪಾಠ ಮಾಡಿದ್ದವಳು ನಾನು. ಯಾರೂ ಮಾತಾಡಲಿಲ್ಲ. ಮೂರನೇ ಕ್ಲಾಸಿನ ಹುಡುಗನೊಬ್ಬ ಮಾತ್ರ ಅವಳ ಹೊಟ್ಟೆಯ ಹತ್ತಿರ ಬಗ್ಗಿ ನೋಡಿ, "ಅಕ್ಕಾ, ಇಲ್ಲಿ ಗಾಯ ಇದೆ. ಅದಕ್ಕೇ ನಿಂತಿದೆಯೇನೋ" ಅಂದ.

ಜೀನು ಬಿಗಿಯುವ ಹೊಟ್ಟೆಪಟ್ಟಿಯ ಕೆಳಗೆ, ಮುಂಗಾಲಿನ ಸಂದಿಯಲ್ಲಿ, ಅಂಗೈ ಅಗಲಕ್ಕೆ ಚರ್ಮ ಸುಲಿದು ಹಸಿಯಾಗಿತ್ತು. ಅವನ ಎತ್ತರಕ್ಕೆ ಕಂಡದ್ದು ಮೇಲೆ ಕೂತ ನನಗೆ ಕಂಡಿರಲಿಲ್ಲ. ಪಟ್ಟಿಯ ಹೊಲಿಗೆ ಬಿಟ್ಟು, ಬೆವರು ಕುಡಿದ ತೊಗಲು ಒಣಗಿ ಗರಗಸದಂತಾಗಿತ್ತು. ಪ್ರಾಣಿಶಾಸ್ತ್ರ ಓದಿದವಳು ಅದನ್ನು ಒಮ್ಮೆಯಾದರೂ ಮುಟ್ಟಿ ನೋಡಬಾರದಿತ್ತೇ? ಆ ರಾತ್ರಿ ಊಟ ಸೇರಲಿಲ್ಲ.

ಮೂರು ವಾರ ಜೀನು ಹಾಕಲಿಲ್ಲ. ಗಾಯ ತೊಳೆದೆ, ಮುಲಾಮು ಹಚ್ಚಿದೆ. ಹಗ್ಗ ಹಿಡಿದು ಜೊತೆಗೆ ನಡೆದೆ. ಆಗ ಕಲಿತದ್ದು ಒಂದೇ ವಿಷಯ: ಹಗ್ಗ ಮೆಲ್ಲಗೆ ಬಿಗಿ ಹಿಡಿ, ಅವಳು ಒಂದು ಹೆಜ್ಜೆ ಇಟ್ಟ ಕ್ಷಣ ಸಡಿಲ ಬಿಡು. ಪ್ರಾಣಿ ಕಲಿಯುವುದು ಜಗ್ಗಿದಾಗ ಅಲ್ಲ, ಬಿಟ್ಟಾಗ. ಬಿಡುವುದು ಎರಡು ಸೆಕೆಂಡ್ ತಡವಾದರೂ ಅವಳಿಗೆ ಯಾವುದಕ್ಕೆ ಬಿಟ್ಟೆನೆಂದು ತಿಳಿಯುವುದಿಲ್ಲ. ನಾನು ಮೊದಲು ಅವಳು ನಡೆದರೂ ಜಗ್ಗುತ್ತಿದ್ದೆ, ನಿಂತರೂ ಜಗ್ಗುತ್ತಿದ್ದೆ. ಪಾಪ, ಅವಳೇನು ಮಾಡಿಯಾಳು?

ಗಾಯ ಮಾಗಿದ ಮೇಲೆ ಹೊಸ ಪಟ್ಟಿ ಹಾಕಿ ಹತ್ತಿದೆ. ದುಂಡು ಪೂರಾ ಸುತ್ತಿದಳು. ಹಾಗೆಂದು ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮನೆ ಕಡೆಯ ತಿರುವು ಬಂದರೆ ಈಗಲೂ ನಿಲ್ಲುತ್ತಾಳೆ. ಅದು ಗಾಯವಲ್ಲ, ಶುದ್ಧ ಸೋಮಾರಿತನ!

ಟೀ ತೋಟದ ದಾರಿಯ ಮೋರಿ ಇನ್ನೊಂದು ತಕರಾರು. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಸುತ್ತ ಬಹಳ ಕಾಣುತ್ತದೆ, ಮೂಗಿನ ಕೆಳಗಿನ ನೆಲ ಮಾತ್ರ ಕಾಣುವುದಿಲ್ಲ. ಲಗಾಮು ಬಿಗಿ ಹಿಡಿದು ಅವಳ ತಲೆ ಎತ್ತಿಸಿ ದಾಟು ದಾಟು ಅನ್ನುತ್ತಿದ್ದೆ. ಲಗಾಮು ಬಿಟ್ಟ ದಿನ ತಲೆ ತಗ್ಗಿಸಿ ಮೂಸಿದಳು, ಒಂದು ಕಾಲಿಂದ ಟಕಟಕ ತಟ್ಟಿದಳು, ದಾಟಿದಳು.

ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ನೀಲಗಿರಿ ಮರಗಳ ನಡುವಿನ ದಾರಿಯಲ್ಲಿ, ಹಿಂದೆಂದೂ ನಿಲ್ಲದ ಜಾಗದಲ್ಲಿ ನಿಂತಳು. ಕಿವಿ ಎರಡೂ ಮುಂದಕ್ಕೆ. ಹಿಮ್ಮಡಿ ಎತ್ತಿದ್ದೆ, ಇಳಿಸಿದೆ. ಅವಳ ಪಾಡಿಗೆ ಬಿಟ್ಟೆ. ಮಂಜು ಸ್ವಲ್ಪ ತೆಳುವಾದಾಗ ಇಪ್ಪತ್ತು ಹೆಜ್ಜೆ ಮುಂದೆ ದಾರಿಗೆ ಅಡ್ಡವಾಗಿ ಕಾಟಿ ನಿಂತಿತ್ತು, ಒಂಟಿ ಗಂಡು. ಶಾಂತಿ ತಾನೇ ಹಿಂದಕ್ಕೆ ಸರಿದಳು, ನಾನು ಉಸಿರು ಬಿಡಲಿಲ್ಲ. ಮನೆಗೆ ಬಂದು ಸಂಖ್ಯಾಕಾಂಡದ 22ನೇ ಅಧ್ಯಾಯ ತೆಗೆದೆ. ಬಿಳಾಮ ತನ್ನ ಕತ್ತೆಗೆ ಮೂರು ಸಲ ಹೊಡೆದ ಕಥೆಯನ್ನು ಮಕ್ಕಳಿಗೆ ತಮಾಷೆಯಾಗಿ ಹೇಳುತ್ತಿದ್ದೆ. ಅಂದು ನಗು ಬರಲಿಲ್ಲ.

ಈಗ ಸೀಸನ್ ಹತ್ತಿರ ಬಂದಿದೆ. ಶಾಂತಿ ಬಲಕ್ಕೆ ಚೆಂದ ಸುತ್ತುತ್ತಾಳೆ, ಎಡಕ್ಕೆ ಈಗಲೂ ಹೊರಗೆ ವಾಲುತ್ತಾಳೆ. ಟ್ರಾಟ್ ಎರಡು ಸುತ್ತಿಗೇ ಮುಗಿಯುತ್ತದೆ. ಮಾವ ಮಾರುವ ಮಾತು ಎತ್ತಿಲ್ಲ, ಮಾರುವುದಿಲ್ಲ ಎಂದೂ ಹೇಳಿಲ್ಲ. ಎರಡೂ ಪೋನಿಗೆ ಹೊಸ ಪಟ್ಟಿ ಮಾತ್ರ ತಂದಿದ್ದಾರೆ. ಶನಿವಾರ ತರಗತಿ ಮುಗಿದ ಕೂಡಲೇ ಆ ಹುಡುಗ ಓಡಿ ಬರುತ್ತಾನೆ. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, "ಸರಿ ಇದೆ ಅಕ್ಕಾ" ಅಂದ ಮೇಲೆಯೇ ನಾನು ಹತ್ತುವುದು.