ಏಳಕ್ಕೆ ನಾಲ್ಕು

ನಿಮ್ಮ ಮೂಲ ಊರು ಯಾವುದು ಅಂತ ಕೇಳುವವರಿಗೆ ಈ ನಾಡಿನಲ್ಲಿ ಯಾವತ್ತೂ ಬರ ಬಂದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಬಾಡಿಗೆಗೆ ಕೋಣೆ ಕೊಡುವವರು ಕೇಳುತ್ತಾರೆ. ಊರು ಕೇಳುವುದು ನೆಪ, ಕೇರಿ ಯಾವುದು ಅಂತ ತಿಳಿಯುವುದೇ ಉದ್ದೇಶ. ನಮಗಂತೂ ಈ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ನಾವು ಸುಳ್ಯ ಕಡೆಯ ರಬ್ಬರ್ ತೋಟದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಊರಿನವರ ಬಾಯಲ್ಲಿ ನಮ್ಮ ಹೆಸರು 'ಸಿಲೋನಿನವರು'. ಬಂದು ಐವತ್ತು ವರ್ಷವಾಯಿತು. ನಾನು ಹುಟ್ಟಿದ್ದು ಇಲ್ಲೇ, ಅಕ್ಷರ ಕಲಿತದ್ದು ಇಲ್ಲೇ. ಆದರೂ ಸಿಲೋನಿನವಳು.

ಆ ಸಿಲೋನಿನಲ್ಲಿ ನಮ್ಮವರಿಗೆ ಏನಂತ ಹೆಸರಿತ್ತು ಗೊತ್ತೇ? 'ಇಂಡಿಯಾದವರು'.

ಹಿಂದಿನ ಸಂಗತಿ ಸ್ವಲ್ಪ ಹೇಳಲೇಬೇಕು. 1820ರ ದಶಕದಿಂದ ಬ್ರಿಟಿಷರು ಸಿಲೋನಿನ ಮಲೆಗಳಲ್ಲಿ ಕಾಫಿ ಹಾಕಿದರು. ಕಾಡು ಕಡಿಯಲು, ಗಿಡ ನೆಡಲು ಆಳು ಬೇಕು. ತಿರುಚಿನಾಪಳ್ಳಿ, ಸೇಲಂ, ರಾಮನಾಥಪುರದ ಕಡೆಯ ಚೇರಿಗಳಲ್ಲಿ ಆಳುಗಳಿದ್ದರು, ಅನ್ನವಿರಲಿಲ್ಲ. ಕಂಗಾಣಿ ಬಂದ, ಮುಂಗಡ ಕೊಟ್ಟ, ಸಾಲದ ಚೀಟಿ ಬರೆದ, ಮಂದಿಯನ್ನು ಹೊಡೆದುಕೊಂಡು ಹೋದ. ಸಮುದ್ರ ದಾಟಿ, ಮನ್ನಾರಿನಿಂದ ಕಾಡಿನ ದಾರಿಯಲ್ಲಿ ಮಾತಳೆಯವರೆಗೆ ಕಾಲ್ನಡಿಗೆ. ದಾರಿಯಲ್ಲಿ ಸತ್ತವರನ್ನು ಅಲ್ಲೇ ಬಿಟ್ಟು ಉಳಿದವರು ನಡೆದರು. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಬಂತು, ಕಾಫಿ ಹೋಯಿತು, ಚಹಾ ಬಂತು. ಗಿಡ ಬದಲಾಯಿತು, ಬೆನ್ನಿನ ಬುಟ್ಟಿ ಇಳಿಯಲಿಲ್ಲ.

1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವದ ಕಾನೂನು ಬಂತು. ನೂರು ವರ್ಷ ದುಡಿದವರು ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ಕ್ಕೆ ದೆಹಲಿಯಲ್ಲಿ ಸಿರಿಮಾವೊ ಬಂಡಾರನಾಯಿಕೆ, ಲಾಲ್ ಬಹಾದುರ್ ಶಾಸ್ತ್ರಿ ಇಬ್ಬರೂ ಕೂತು ರುಜು ಹಾಕಿದರು. ಒಟ್ಟು 9,75,000 ತಲೆ. 5,25,000 ಇಂಡಿಯಾಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ತಲೆಗಳನ್ನು 1974ರಲ್ಲಿ ಅರ್ಧ ಅರ್ಧ ಹಂಚಿಕೊಂಡರು. ಇಂಡಿಯಾಕ್ಕೆ ಏಳು ಮಂದಿ ಹೋದರೆ ಸಿಲೋನಿನಲ್ಲಿ ನಾಲ್ಕು ಮಂದಿಗೆ ಪೌರತ್ವ, ಇದು ಲೆಕ್ಕ. ಸಂತೆಯಲ್ಲಿ ಕುರಿ ಹಂಚುವಾಗಲೂ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಇಲ್ಲಿ ಬಾಯಿ ಬಿಡಿಸಲೂ ಇಲ್ಲ.

ನನ್ನ ಪಾಟಿ ಏಳರ ಲೆಕ್ಕಕ್ಕೆ ಬಿದ್ದಳು. ಅವಳ ತಂಗಿ ನಾಲ್ಕರ ಲೆಕ್ಕಕ್ಕೆ.

1974ರಲ್ಲಿ ತೋಟಗಳಲ್ಲಿ ಹಸಿವು. ರೇಷನ್ ಇಳಿಸಿದ್ದರು, ಹಿಟ್ಟು ಸಿಗುತ್ತಿರಲಿಲ್ಲ. ಗೆಣಸಿನ ಸೊಪ್ಪು ಬೇಯಿಸಿ ಮಕ್ಕಳಿಗೆ ಕೊಟ್ಟದ್ದನ್ನು ಪಾಟಿ ಈಗಲೂ ಹೇಳುತ್ತಾಳೆ. ಮೂರು ಮಕ್ಕಳನ್ನು ಕಟ್ಟಿಕೊಂಡು ಹಟ್ಟನ್‌ನಲ್ಲಿ ರೈಲು ಹತ್ತಿದಳು. ಪ್ಲಾಟ್‌ಫಾರಂ ತುಂಬ ಅಕ್ಕತಂಗಿಯರು, ಅಣ್ಣತಮ್ಮಂದಿರು ತಬ್ಬಿಕೊಂಡು ಅಳುವವರು. ಪಾಟಿಯ ಬಾಯಲ್ಲಿ ಅದು 'ಅಳೋ ರೈಲು'. ತಲೈಮನ್ನಾರಿನಲ್ಲಿ ಹಡಗು, ರಾಮೇಶ್ವರದಲ್ಲಿ ನೆಲ, ಮಂಡಪಂ ಕ್ಯಾಂಪಿನಲ್ಲಿ ಒಂದು ಫ್ಯಾಮಿಲಿ ಕಾರ್ಡು. ಕೆಲವರನ್ನು ನೀಲಗಿರಿಯ ಚಹಾಕ್ಕೆ ಕಳಿಸಿದರು, ಕೆಲವರನ್ನು ಕೇರಳದ ಪುನಲೂರಿನ ರಬ್ಬರಿಗೆ. ನಮ್ಮವರನ್ನು ಸುಳ್ಯ–ಪುತ್ತೂರಿನ ರಬ್ಬರಿಗೆ. ತಾಯ್ನಾಡಿಗೆ ಬನ್ನಿ ಅಂತ ಕರೆದ ದೇಶ ಕೈಗೆ ಕೊಟ್ಟದ್ದು ಮತ್ತೊಂದು ತೋಟದ ಕತ್ತಿ.

ಈಗ ನನ್ನ ವಿಷಯ. ಎಂ.ಎ.ಗೆ ಸೇರುವಾಗ ಜಾತಿ ಪ್ರಮಾಣಪತ್ರ ಬೇಕಾಯಿತು. ಆದಿ ದ್ರಾವಿಡ ಅಂತ ಬರೆದು ಒಂದು ಕಚೇರಿಗೆ ಅರ್ಜಿ ಹಾಕಿದೆ. ಆ ಜಾತಿ ಕರ್ನಾಟಕದ ಪಟ್ಟಿಯಲ್ಲೂ ಉಂಟು, ತಮಿಳುನಾಡಿನ ಪಟ್ಟಿಯಲ್ಲೂ ಉಂಟು. ಆದರೆ ಮೇಜಿನ ಆಚೆಯವರು ಕೇಳಿದ್ದು ಒಂದೇ ಪ್ರಶ್ನೆ: "1950ರಲ್ಲಿ ನಿಮ್ಮ ಅಜ್ಜ ಎಲ್ಲಿದ್ದರು?"

ರಾಷ್ಟ್ರಪತಿಗಳ ಆಜ್ಞೆ ಬಂದದ್ದು 1950ರಲ್ಲಿ. ಆವತ್ತು ಕುಟುಂಬ ಯಾವ ರಾಜ್ಯದಲ್ಲಿತ್ತೋ ಆ ರಾಜ್ಯದ ಪಟ್ಟಿ ಅವರಿಗೆ. ನಮ್ಮ ತಾತ ಆವತ್ತು ಕರ್ನಾಟಕದಲ್ಲಿರಲಿಲ್ಲ, ತಮಿಳುನಾಡಿನಲ್ಲೂ ಇರಲಿಲ್ಲ. ಮಸ್ಕೆಲಿಯಾದ ಒಂದು ತೋಟದಲ್ಲಿ ಏಳು ವರ್ಷದ ಹುಡುಗ. "ಹಾಗಾದರೆ ಅಲ್ಲಿಂದಲೇ ಏನಾದರೂ ದಾಖಲೆ ತನ್ನಿ" ಅಂದರು. ಅವರು ಆಡಿದ್ದು ಸಾಗಹಾಕುವ ಮಾತು. ನಾನು ಅದನ್ನು ಹಾಗೇ ತೆಗೆದುಕೊಂಡೆ, ತರಲು ಹೊರಟೆ.

ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ 17,000 ರೂಪಾಯಿ ಇತ್ತು. ತರಗತಿ ತಪ್ಪಿಸುವ ಹಾಗಿಲ್ಲ, ಶನಿವಾರ ಭಾನುವಾರವೇ ಆಗಬೇಕು. 2024ರ ಫೆಬ್ರವರಿ ಮೊದಲ ವಾರದ ಅಗ್ಗದ ಟಿಕೆಟ್ ಹುಡುಕಿ ಬೆಂಗಳೂರಿನಿಂದ ಕೊಲಂಬೊಕ್ಕೆ ಹತ್ತಿದೆ. ಒಂದೂವರೆ ಗಂಟೆ! ಪಾಟಿಗೆ ಆ ದಾರಿ ಸವೆಸಲು ರೈಲು, ಹಡಗು, ಕ್ಯಾಂಪು ಸೇರಿ ವಾರಗಟ್ಟಲೆ ಹಿಡಿದಿತ್ತು. ನಮ್ಮ ಒಂದು ರೂಪಾಯಿಗೆ ಆಗ ಅಲ್ಲಿ ಮೂರೂವರೆಗಿಂತ ಹೆಚ್ಚು ಸಿಗುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನಾನು ಒಂದು ಕಡೆ ಸ್ವಲ್ಪ ದುಡ್ಡಿರುವವಳು ಅನ್ನಿಸಿಕೊಂಡೆ. ಆದರೂ ರಾತ್ರಿ ಕಳೆದದ್ದು ವಿಮಾನ ನಿಲ್ದಾಣದ ಕುರ್ಚಿಯಲ್ಲಿ. ಬೆಳಗಿನ ಜಾವ ಬಸ್ಸು ಹಿಡಿದು ಕೋಟೆ ಸ್ಟೇಷನ್ನು, ಅಲ್ಲಿಂದ ಬದುಲ್ಲ ರೈಲಿಗೆ ಮೂರನೇ ಕ್ಲಾಸು.

ಶ್ರೀಪಾದ ಬೆಟ್ಟದ ಯಾತ್ರೆಯ ಕಾಲ. ರೈಲಿನ ಒಳಗೆ ಇರುವೆ ನುಸುಳುವಷ್ಟು ಜಾಗವಿಲ್ಲ. ಹಟ್ಟನ್‌ವರೆಗೂ ನಿಂತೇ ಹೋದೆ. ಸ್ಟೇಷನ್ನಿನ ಬೋರ್ಡುಗಳಲ್ಲಿ ಸಿಂಹಳ ಅಕ್ಷರ ದುಂಡುದುಂಡಾಗಿ ನಮ್ಮ ಕನ್ನಡದ ಹಾಗೇ ಕಾಣುತ್ತದೆ. ಓದಲು ಹೋದರೆ ಒಂದಕ್ಷರವೂ ಕೈಗೆ ಸಿಗುವುದಿಲ್ಲ. ಕಂಡರೆ ನೆಂಟರು, ಮಾತಾಡಿಸಿದರೆ ಪರಕೀಯರು. ನಾವಲಪಿಟಿಯ ದಾಟಿ ರೈಲು ಏರತೊಡಗಿದ ಮೇಲೆ ಎರಡೂ ಬದಿಗೆ ಚಹಾ. ವಿದೇಶಿ ಪ್ರವಾಸಿಗಳು ಬಾಗಿಲಿಗೆ ಜೋತುಬಿದ್ದು ಫೋಟೊ ತೆಗೆಯುತ್ತಿದ್ದರು. ಚೆಂದವೇನೋ ಹೌದು ಮಾರಾಯ್ರೆ, ಸುಳ್ಳು ಹೇಳಬಾರದು. ಬಾಚಣಿಗೆಯಲ್ಲಿ ಬಾಚಿದ ಹಾಗೆ ಹಸಿರು. ಆ ಹಸಿರಿನ ನಡುವೆ ಬೊಟ್ಟಿಟ್ಟ ಹಾಗೆ ಕಾಣುವ ಬಣ್ಣಗಳು ಹೆಂಗಸರು. ಅವರ ಹಣೆಗೆ ಪಟ್ಟಿ, ಪಟ್ಟಿಯಿಂದ ಬೆನ್ನಿಗೆ ಮೂಟೆ. ಫೋಟೊದಲ್ಲಿ ಬಣ್ಣ ಬರುತ್ತದೆ, ಭಾರ ಬರುವುದಿಲ್ಲ.

ಹಟ್ಟನ್‌ನಿಂದ ಮಸ್ಕೆಲಿಯಾಕ್ಕೆ ಬಸ್ಸು. ಪಾಟಿ ನೆನೆಯುವ ಹಳೆ ಮಸ್ಕೆಲಿಯಾ ಪೇಟೆ ಈಗಿಲ್ಲ. 1969ರಲ್ಲಿ ಮವುಸ್ಸಾಕೆಲೆ ಜಲಾಶಯ ಕಟ್ಟಿದಾಗ ಮುಳುಗಿತು. ನೀರು ತೀರ ಇಳಿದ ವರ್ಷ ಹಳೆ ಕೋವಿಲು ಮೇಲೆ ಕಾಣುತ್ತದಂತೆ. "ನೀರು ಇಳಿದಿದ್ದರೆ ನೋಡಿ ಬಾ" ಅಂದಿದ್ದಳು. ಇಳಿದಿರಲಿಲ್ಲ.

ಚಿನ್ನಪಾಟಿ ಲೈನಿನ ಮುಂದೆ ನಿಂತಿದ್ದಳು. ನಮ್ಮ ಪಾಟಿಯದೇ ಮೂಗು, ಅದೇ ಗೂನು. ನನ್ನ ಮುಖ ಸವರಿ ಮೊದಲು ಕೇಳಿದ್ದು, "ತಾಯ್ನಾಡು ಹೇಗುಂಟು ಕಣ್ಣು?" ಅಂತ. ನಾನು ತಾಯ್ನಾಡು ನೋಡಲು ಬಂದವಳು. ಅವಳು ನನ್ನಲ್ಲೇ ತಾಯ್ನಾಡು ಕೇಳುತ್ತಾಳೆ. ಅವಳ ಮನಸ್ಸಿನ ಇಂಡಿಯಾದಲ್ಲಿ ಅಕ್ಕನಿಗೆ ಸ್ವಂತ ಹೊಲ ಉಂಟು, ಬಾವಿ ಉಂಟು. ಅಕ್ಕ ಎಂಥ ಕ್ವಾರ್ಟರ್ಸಿನಲ್ಲಿ ಮುದುಕಿಯಾದಳು ಅಂತ ನಾನು ಹೇಳಲಿಲ್ಲ. "ಚೆನ್ನಾಗಿದ್ದೇವೆ" ಅಂದೆ.

ಲೈನು ಅಂದರೆ ಸಾಲುಮನೆ. ಬ್ರಿಟಿಷರ ಕಾಲದ್ದು. ಹತ್ತಡಿ ಹನ್ನೆರಡಡಿಯ ಒಂದು ಕೋಣೆ, ಮುಂದೆ ಒಂದು ಮೊಗಸಾಲೆ, ಮೇಲೆ ತಗಡು. ಆ ಕೋಣೆಯಲ್ಲಿ ಆರು ಮಂದಿ, ನಾನು ಏಳನೆಯವಳು. ಲೋಕಕ್ಕೆಲ್ಲ ಚಹಾ ಕಳಿಸುವ ಆ ಮನೆಯಲ್ಲಿ ಕುಡಿಯುವುದು ಧೂಳು ಚಹಾ. ಸೊಸೆ ಅತ್ತೆಯ ಹಾಗೇ ಎಲೆ ಕೀಳುತ್ತಾಳೆ. ದಿನಕ್ಕೆ ಹದಿನೆಂಟು ಕಿಲೋ ತೂಗಿದರೆ ಪೂರ್ತಿ ಕೂಲಿ, ಕಮ್ಮಿಯಾದರೆ ಅರ್ಧ ಕೂಲಿ ಅಂದಳು. ಕೂಲಿ ಆಗ 1,000 ರೂಪಾಯಿ, ನಮ್ಮ ದುಡ್ಡಲ್ಲಿ 270ರ ಆಸುಪಾಸು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಲ ಕೂಲಿ 1,350 ಆಯಿತು. ಅಷ್ಟಕ್ಕೆ ಎಷ್ಟು ವರ್ಷದ ಹೋರಾಟ ಅಂತ ಕೇಳಬೇಡಿ. 2023ರಲ್ಲಿ, ಬಂದು ಇನ್ನೂರು ವರ್ಷವಾಯಿತು ಅಂತ ಆ ಜನ ತಲೈಮನ್ನಾರಿನಿಂದ ಮಾತಳೆಗೆ ಮತ್ತೆ ನಡೆದಿದ್ದರು. ಈ ಸಲ ಕಂಗಾಣಿ ಹಿಂದಿರಲಿಲ್ಲ. ಅವರು ಈಗ ತಮ್ಮನ್ನು ಇಂಡಿಯಾದವರು ಅನ್ನುವುದಿಲ್ಲ, ಮಲೆಯಗದವರು ಅನ್ನುತ್ತಾರೆ. ಯಾವ ದೇಶದ ರುಜುವಿನಿಂದಲೂ ಬಂದ ಹೆಸರಲ್ಲ ಅದು, ಬೆಟ್ಟದಿಂದ ಬಂದದ್ದು.

ಭಾನುವಾರ ಫೆಬ್ರವರಿ 4, ಅವರ ಸ್ವಾತಂತ್ರ್ಯ ದಿನ. ಪೇಟೆಯಲ್ಲಿ ಸಿಂಹದ ಬಾವುಟ. ಚಿನ್ನಪಾಟಿಯ ಗಂಡನ ತಮ್ಮ, ತೋಟದ ಹಳೆ ಜೀವ, ನನ್ನನ್ನು ಲೈನುಗಳ ನಡುವೆ ಕರೆದುಕೊಂಡು ಹೋದರು. ಮೇಲಿನ ಲೈನಿನಲ್ಲಿ ಕಂಗಾಣಿಯ ಜಾತಿಯವರು ಇರುತ್ತಿದ್ದರಂತೆ. ಕೆಳಗಿನ ಲೈನಿನಲ್ಲಿ ನಮ್ಮವರು. ಹಡಗು ಹತ್ತುವಾಗ ಎಲ್ಲರದ್ದೂ ಒಂದೇ ಹಸಿವು, ಇಳಿದ ಮೇಲೆ ಮಾತ್ರ ಮೇಲೆ ಕೆಳಗೆ! ಮಾರಿಯಮ್ಮನ ಹಬ್ಬದಲ್ಲಿ ದೇವರು ಹೊರುವವರು ಯಾರು, ತಪ್ಪು ಬಡಿಯುವವರು ಯಾರು ಅಂತ ಯಾವ ಪುಸ್ತಕವೂ ನೋಡದೆ ಇಡೀ ತೋಟಕ್ಕೆ ಗೊತ್ತು.

"ನಿನ್ನ ಮುತ್ತಾತ ಇಲ್ಲಿ ನಿಂತು ತಪ್ಪು ಬಡೀತಿದ್ದ" ಅಂತ ಒಂದು ದಿಣ್ಣೆ ತೋರಿಸಿದರು. ಬೆಳಗಿನ ಜಾವದ ಹಾಜರಿಗೆ ಜನರನ್ನು ಎಬ್ಬಿಸುವ ತಪ್ಪು. ನಮ್ಮಲ್ಲಿ ತಮಟೆ ಅನ್ನುತ್ತೇವಲ್ಲ, ಅದೇ ಕುಲದ್ದು. ಮುತ್ತಾತ ಬಡಿದರೆ ತೋಟ ಏಳಬೇಕು. ಏಳದವನಿಗೆ ಕಂಗಾಣಿಯ ಬೆತ್ತ. ದೊರೆಯ ಗಡಿಯಾರಕ್ಕೆ ನಮ್ಮ ತೋಳು ಕೀಲಿ ಕೊಡುತ್ತಿತ್ತು.

ನಾನು ಕಾಗದದ ಮಾತು ತೆಗೆದೆ. ಚಿನ್ನಪಾಟಿ ಬಿಸ್ಕತ್ತಿನ ಡಬ್ಬಿಯಿಂದ ಒಂದು ಕಟ್ಟು ಬಿಚ್ಚಿದಳು. ಅಕ್ಕ ಬಿಟ್ಟುಹೋದದ್ದನ್ನು ಐವತ್ತು ವರ್ಷ ಇಟ್ಟಿದ್ದಳು. ಅದರಲ್ಲಿ ನನ್ನ ಅಪ್ಪನ ಜನನ ಪತ್ರದ ನಕಲು ಸಿಕ್ಕಿತು. ತಂದೆಯ ಹೆಸರು, ತಾಯಿಯ ಹೆಸರು, ತೋಟ. ಜನಾಂಗ ಅನ್ನುವ ಮನೆಯಲ್ಲಿ: ಇಂಡಿಯನ್ ತಮಿಳು. ಅಷ್ಟೇ. ಜಾತಿಯ ಸುದ್ದಿಯೇ ಇಲ್ಲ.

ನೋಡಿ ಇದರ ಚೋದ್ಯ. ನೂರೈವತ್ತು ವರ್ಷ ಯಾವ ಲೈನು, ಯಾವ ನೀರು, ಯಾವ ವಾದ್ಯ ಅಂತ ಒಂದನ್ನೂ ಮರೆಯದೆ ಜಾತಿ ನಮ್ಮನ್ನು ಹಿಂಬಾಲಿಸಿತು. ಅವಮಾನ ಮಾಡುವುದಕ್ಕೆ ಅದಕ್ಕೆ ಕಾಗದ ಬೇಕಾಗಲಿಲ್ಲ. ಹಕ್ಕು ಕೇಳುವ ದಿನ ಮಾತ್ರ ಕಾಗದ ಎಲ್ಲಿ ಅನ್ನುತ್ತದೆ. ಸುಳ್ಯದ ಕಡೆ ನಾವು ಯಾರೆಂದು ಗೊತ್ತಿಲ್ಲದವರು ಯಾರು? ನೀರು ಕುಡಿಯಲು ಲೋಟ ಬೇರೆ ಕೊಡುವಾಗ ಯಾರೂ 1950ರ ದಾಖಲೆ ಕೇಳಲಿಲ್ಲ.

1931ರಲ್ಲಿ ಬಾಬಾಸಾಹೇಬರು ಬೊಂಬಾಯಿಯಲ್ಲಿ ಗಾಂಧಿಯವರ ಎದುರು ಕೂತು ತನಗೆ ತಾಯ್ನಾಡಿಲ್ಲ ಅಂದರು. ಆ ಮಾತನ್ನು ನಾವು ಭಾಷಣಗಳಲ್ಲಿ ಕೇಳಿ ಬೆಳೆದವರು. ಆ ಲೈನಿನ ಕೋಣೆಯಲ್ಲಿ ಏಳು ಮಂದಿ ಒತ್ತಿಕೊಂಡು ಮಲಗಿದ ರಾತ್ರಿ ಅದು ನನಗೆ ಭಾಷಣದ ಮಾತಾಗಿ ಉಳಿಯಲಿಲ್ಲ. ಚೇರಿಯಿಂದ ಲೈನಿಗೆ, ಲೈನಿಂದ ಕ್ವಾರ್ಟರ್ಸಿಗೆ ಬಂದವರು ನಾವು. ಮೂರು ಕಡೆಯೂ ಬೆವರು ನಮ್ಮದು, ನೆಲ ಬೇರೆಯವರದು. ಸಿಲೋನು 2003ರಲ್ಲಿ ಒಂದು ಕಾನೂನು ಮಾಡಿ ಉಳಿದವರಿಗೆ ಪೌರತ್ವವನ್ನಾದರೂ ಕೊಟ್ಟಿತು. 2017ರಲ್ಲಿ ನಮ್ಮ ಪ್ರಧಾನಿ ಹಟ್ಟನ್ ಹತ್ತಿರದ ನಾರ್‌ವುಡ್‌ಗೆ ಹೋಗಿ ತೋಟದವರಿಗೆ ಇನ್ನೂ 10,000 ಮನೆ ಕಟ್ಟಿಕೊಡುವುದಾಗಿ ಹೇಳಿ ಬಂದರು. ಒಳ್ಳೆಯದೇ. ಚಿನ್ನಪಾಟಿಗೆ ಮನೆಯಾಗಲಿ. ಅಕ್ಕನ ಮೊಮ್ಮಗಳಿಗೆ ಒಂದು ಹಾಳೆ ಕಾಗದವೂ ಆಗಲಿ ಅಂತ ನಾನು ಕೇಳುವುದು.

ನಾವು ತಾವಾಗಿ ಗುಳೆ ಬಂದವರಲ್ಲ. ಎರಡು ಸರಕಾರಗಳು ಕೂತು ಎಣಿಸಿ, ಹಡಗು ಹತ್ತಿಸಿ, ಕ್ಯಾಂಪಿನಲ್ಲಿ ನಂಬರು ಕೊಟ್ಟು, ಇಂಥ ತೋಟಕ್ಕೇ ಹೋಗಿ ಅಂತ ಕಳಿಸಿದ ಜನ. 1950ರಲ್ಲಿ ನಾವು ಯಾವ ರಾಜ್ಯದಲ್ಲೂ ಇರಲಿಲ್ಲ ಅನ್ನುವುದು 1964ರಲ್ಲಿ ರುಜು ಹಾಕಿದವರಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆಸಿಕೊಂಡರು. ಹಾಗಿದ್ದ ಮೇಲೆ ಆ ದಿನಾಂಕವನ್ನು ನಮ್ಮ ಮುಂದೆ ಬೇಲಿ ಮಾಡಿ ನಿಲ್ಲಿಸುವುದು ಯಾವ ನ್ಯಾಯ? ಮಂಡಪಂ ಕಾರ್ಡೇ ನಮ್ಮ 1950 ಅಂತ ಒಪ್ಪಿಕೊಳ್ಳಲಿ. ಕಾಲೊನಿಗೆ ಬಂದು ವಿಚಾರಣೆ ಮಾಡಲಿ, ಹಳಬರ ಬಾಯಿಂದ ಕೇಳಿ ಬರೆದುಕೊಳ್ಳಲಿ.

ಅವರು ಬರುವವರೆಗೆ ಕಾಯುವುದು ಬೇಡವೆಂದು ನಾವೇ ಶುರು ಮಾಡಿದ್ದೇವೆ. ಟ್ಯಾಪಿಂಗ್ ಮುಗಿದ ಮೇಲೆ ಸಂಜೆ ನಾಲ್ಕೈದು ಮಂದಿ ಹುಡುಗ ಹುಡುಗಿಯರು ಮನೆಮನೆಗೆ ಹೋಗುತ್ತೇವೆ. ಯಾವ ತೋಟ, ಯಾವ ಲೈನು, ಯಾವ ವರ್ಷದ ಹಡಗು, ಅಲ್ಲಿ ಯಾರು ಉಳಿದರು, ಯಾರ ಮನೆಯಲ್ಲಿ ತಪ್ಪು ಇತ್ತು, ಎಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಎರಡು ನೋಟ್‌ಬುಕ್ ತುಂಬಿದೆ. ಮೊದಲ ಪುಟದಲ್ಲಿ ಪಾಟಿಯ ಹೆಬ್ಬೆಟ್ಟು ಉಂಟು.